ಸಾರಥಿಯಿಂದ ಯಂತ್ರಸಹಾಯಕನವರೆಗೆ: ವಿಜಯಪುರ ಪರಿಸರದಲ್ಲಿ ಆಟದ ನೆರವಿಗನ ಚರಿತ್ರೆ

ಜಾನಪದವೆಂದರೆ ಗತಕಾಲದ ಅವಶೇಷಗಳ ಸಂಗ್ರಹವೆಂಬ ಭಾವನೆ ನಮ್ಮ ವಿದ್ವತ್ ವಲಯದಲ್ಲಿಯೂ ಸಂಪೂರ್ಣವಾಗಿ ಅಳಿದಿಲ್ಲ. ಜನ ಇಂದು ಏನನ್ನು ಆಡುತ್ತಾರೆ, ಯಾರೊಡನೆ ಆಡುತ್ತಾರೆ, ಆಡುವಾಗ ಯಾರ ನೆರವು ಪಡೆಯುತ್ತಾರೆ ಎಂಬುದೂ ಜಾನಪದದ ವಿಷಯವೇ ಆಗಿದೆ. ಮೊಬೈಲು ಮತ್ತು ಗಣಕಯಂತ್ರದ ಆಟಗಳಲ್ಲಿ ಕೃತಕ ಬುದ್ಧಿಮತ್ತೆಯ ಸಹಾಯಕನೊಬ್ಬ ಕಾಣಿಸಿಕೊಂಡಿರುವ ಮತ್ತು ರೋಬೋಟುಗಳು ದೇವಾಲಯದ ಅಂಗಳದವರೆಗೂ ಬಂದಿರುವ ಈ ಹೊತ್ತಿನಲ್ಲಿ, ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಪರಿಸರದ ಆಟ–ಬಯಲಾಟಗಳ ಹಿನ್ನೆಲೆಯಲ್ಲಿ ‘ನೆರವಿಗ’ನೆಂಬ ಪಾತ್ರದ ಚರಿತ್ರೆಯನ್ನು ಗುರುತಿಸುವ ಪ್ರಯತ್ನವನ್ನು ಪ್ರಸ್ತುತ ಲೇಖನದಲ್ಲಿ ಮಾಡಲಾಗಿದೆ.

ಈ ಪ್ರಶ್ನೆ ಹುಟ್ಟಿದ್ದು ಕ್ಷೇತ್ರಕಾರ್ಯದಲ್ಲಿ. ತಿಕೋಟಾ ಭಾಗದ ಒಂದು ಹಳ್ಳಿಯಲ್ಲಿ ದೊಡ್ಡಾಟದ ಹಿರಿಯ ಕಲಾವಿದರೊಬ್ಬರ ಮಾತುಗಳನ್ನು ದಾಖಲಿಸುತ್ತಿದ್ದಾಗ, ಪಕ್ಕದಲ್ಲಿ ಕುಳಿತ ಅವರ ಮೊಮ್ಮಗ ಮೊಬೈಲಿನಲ್ಲಿ ಆಡುತ್ತ, ಅದಕ್ಕೆ ಏನನ್ನೋ ಕೇಳುತ್ತ, ಉತ್ತರ ಪಡೆಯುತ್ತಿದ್ದ. ಹಿರಿಯರು ಮಾತು ನಿಲ್ಲಿಸಿ, “ತಮ್ಮಾ, ನಿನ್ನ ಜೋಡಿ ಮಾತಾಡಾಂವ ಯಾಂವ?” ಎಂದರು. “ಮನಷ್ಯಾ ಅಲ್ಲ ಮುತ್ಯಾ, ಯಂತ್ರ. ಮುಂದ ಹೆಂಗ ಆಡಬೇಕಂತ ಹೇಳತೈತಿ” ಎಂದ ಹುಡುಗ. “ಹಂಗಾದ್ರ ಅಂವ ನಮ್ಮ ಸಾರಥಿ ಇದ್ದಾಂಗ ಬಿಡು. ಆದ್ರ ಅಂವಗ ನಮ್ಮೂರ ಹೆಸರು ಗೊತ್ತೈತೇನು?” ಹುಡುಗ ಉತ್ತರ ಕೊಡಲಿಲ್ಲ. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣವಾಯಿತು.

1. ಸಾರಥಿ ಮತ್ತು ಹೂಂಗುಡುವವ

ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಸಾರಥಿಯದು ವಿಶಿಷ್ಟ ಸ್ಥಾನ. ಪಾತ್ರ ರಂಗಕ್ಕೆ ಬಂದೊಡನೆ ಅದರ ಹೆಸರು, ಕುಲ, ಬಂದ ಕಾರಣಗಳನ್ನು ಕೇಳುವವನು ಅವನೇ. ಪಾತ್ರ ತನ್ನ ಪರಾಕ್ರಮವನ್ನು ಹೇಳಿಕೊಳ್ಳುವುದಕ್ಕೆ ಅವನ ಪ್ರಶ್ನೆಯೇ ದಾರಿ. ವೇಷಧಾರಿ ತಡವರಿಸಿದರೆ ಸಮಯಸ್ಫೂರ್ತಿಯ ಮಾತಿನಿಂದ ಆಟವನ್ನು ಕಾಯುವವನೂ ಅವನೇ. ಶ್ರೀಕೃಷ್ಣ ಪಾರಿಜಾತದ ಭಾಗವತನಲ್ಲಿಯೂ, ತೊಗಲುಗೊಂಬೆಯಾಟದ ಕಿಳ್ಳಿಕ್ಯಾತನಲ್ಲಿಯೂ ಇದೇ ಗುಣವನ್ನು ಕಾಣಬಹುದು. ಇವರು ಕಥೆಯ ಒಳಗೂ ಇರುತ್ತಾರೆ, ಹೊರಗೂ ಇರುತ್ತಾರೆ. ಪುರಾಣದ ಅರಸನನ್ನೂ ಎದುರಿಗೆ ಕುಳಿತ ಊರಗೌಡನನ್ನೂ ಒಂದೇ ಉಸಿರಿನಲ್ಲಿ ಮಾತನಾಡಿಸುತ್ತಾರೆ.

ಕಥೆ ಹೇಳುವ ಸಂದರ್ಭದಲ್ಲಿ ಈ ಕೆಲಸವನ್ನು ‘ಹೂಂ’ಗುಡುವವ ಮಾಡುತ್ತಾನೆ. ಹೂಂಗುಡುವವರಿಲ್ಲದಿದ್ದರೆ ಅಜ್ಜಿ ಕಥೆ ಮುಂದುವರಿಸುವುದಿಲ್ಲ. ರಷ್ಯದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ 1928ರಲ್ಲಿ ಪ್ರಕಟಿಸಿದ ತನ್ನ ಅಧ್ಯಯನದಲ್ಲಿ ಅದ್ಭುತ ಕಥೆಗಳ ಏಳು ಬಗೆಯ ಪಾತ್ರಗಳಲ್ಲಿ ‘ಸಹಾಯಕ’ನನ್ನೂ ಒಬ್ಬನೆಂದು ಗುರುತಿಸಿದ್ದಾನೆ. ಆದರೆ ಪ್ರಾಪ್‌ನ ಸಹಾಯಕ ಕಥೆಯ ಒಳಗಿನವನು. ನಮ್ಮ ಸಾರಥಿ ಮತ್ತು ಹೂಂಗುಡುವವ ಕಥೆಗೂ ಕೇಳುಗರಿಗೂ ನಡುವಣ ಹೊಸ್ತಿಲಿನ ಮೇಲೆ ನಿಂತವರು. ಈ ವ್ಯತ್ಯಾಸ ಮುಂದಿನ ಚರ್ಚೆಗೆ ಮುಖ್ಯವಾಗಿದೆ.

2. ಆಡುವ ಯಂತ್ರದ ಪೂರ್ವೋತ್ತರ

ಯಂತ್ರಪುರುಷನ ಕಲ್ಪನೆ ನಮ್ಮ ನೆಲಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಭೋಜರಾಜನ ಹೆಸರಿನಲ್ಲಿರುವ ‘ಸಮರಾಂಗಣ ಸೂತ್ರಧಾರ’ವು ಯಂತ್ರವಿಧಾನಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಬಾಗಿಲು ಕಾಯುವ, ಕುಣಿಯುವ ಮರದ ಬೊಂಬೆಗಳನ್ನು ವರ್ಣಿಸುತ್ತದೆ. ವಿಜಯಪುರವನ್ನೂ ಒಳಗೊಂಡು ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಐದನೆಯ ಭಾಗಕ್ಕೆ ಕ್ರೀಡಾವಿಂಶತಿ ಎಂದೇ ಹೆಸರು, ಅಲ್ಲಿ ಪಗಡೆ, ಕವಡೆಗಳ ಆಟಗಳಿಗೂ ಸ್ಥಾನವಿದೆ. ಟಿಪ್ಪು ಸುಲ್ತಾನನ ಮರದ ಹುಲಿ, ತನ್ನೊಳಗಿನ ವಾದ್ಯದಿಂದ ಗರ್ಜಿಸುವ ಯಂತ್ರ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದಾಗ ಬ್ರಿಟಿಷರ ಕೈಸೇರಿ, ಇಂದು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿದೆ.

ಯುರೋಪಿನಲ್ಲಿ 1770ರಲ್ಲಿ ಕೆಂಪೆಲೆನ್ ಎಂಬಾತ ಚದುರಂಗವಾಡುವ ‘ತುರ್ಕ’ನೆಂಬ ಯಂತ್ರವನ್ನು ಪ್ರದರ್ಶಿಸಿದ. ಅದರ ಪೆಟ್ಟಿಗೆಯೊಳಗೆ ಅಡಗಿ ಕುಳಿತು ಆಡುತ್ತಿದ್ದವನು ಮನುಷ್ಯನೇ ಎಂಬುದು ಆಮೇಲೆ ಬಯಲಾಯಿತು. ಯಂತ್ರವೇ ಆಡುವ ಕಾಲ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. 1980ರ ‘ಪ್ಯಾಕ್‌ಮ್ಯಾನ್’ ಆಟದ ನಾಲ್ಕು ದೆವ್ವಗಳು ಒಂದೊಂದೂ ಒಂದೊಂದು ಬಗೆಯಲ್ಲಿ ಬೆನ್ನಟ್ಟುತ್ತಿದ್ದವು. 1997ರಲ್ಲಿ ‘ಡೀಪ್ ಬ್ಲೂ’ ಚದುರಂಗದ ವಿಶ್ವವಿಜೇತ ಕಾಸ್ಪರೋವ್‌ನನ್ನು ಸೋಲಿಸಿತು. 2016ರಲ್ಲಿ ‘ಆಲ್ಫಾಗೋ’ ಕೊರಿಯಾದ ಲೀ ಸೆಡೋಲ್‌ನನ್ನು ನಾಲ್ಕು–ಒಂದರ ಅಂತರದಲ್ಲಿ ಮಣಿಸಿತು.

ನಮ್ಮ ಜಗುಲಿಯ ಆಟವೂ ಈ ಲೆಕ್ಕಾಚಾರದಿಂದ ದೂರ ಉಳಿದಿಲ್ಲ. ಮೂರು ಹುಲಿ, ಹದಿನೈದು ಆಡುಗಳ ಆಡು–ಹುಲಿ ಆಟಕ್ಕೆ ಹತ್ತಿರದ ಬಂಧು ನೇಪಾಳದ ನಾಲ್ಕು ಹುಲಿ, ಇಪ್ಪತ್ತು ಆಡುಗಳ ಆಟ. ಲಿಮ್ ಯೂ ಜಿನ್ ಮತ್ತು ಯೂರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು ಗಣಕಯಂತ್ರದ ನೆರವಿನಿಂದ ಅದನ್ನು ಪರೀಕ್ಷಿಸಿ, ಎರಡೂ ಕಡೆಯವರು ತಪ್ಪಿಲ್ಲದೆ ಆಡಿದರೆ ಆಟ ಸಮಸಮವಾಗುತ್ತದೆಂದು ತೋರಿಸಿದ್ದಾರೆ. ಆದರೆ ಗುಡಿಯ ಕಟ್ಟೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಆಡುವವರು ತಪ್ಪಿಲ್ಲದೆ ಆಡುವುದಕ್ಕಾಗಿ ಕೂಡುವುದಿಲ್ಲ. ಸುತ್ತ ನಿಂತು “ಆ ಆಡು ಸರಸು” ಎಂದು ಹೇಳಿಕೊಡುವವರಿಂದಲೇ ಆಟಕ್ಕೆ ಕಳೆ ಬರುತ್ತದೆ. ಹೇಳಿಕೊಟ್ಟವನ ಮಾತು ಕೇಳಿ ಸೋತರೆ ಜಗಳ, ಗೆದ್ದರೆ ಚಹಾ.

ಇತ್ತೀಚಿನ ಬೆಳವಣಿಗೆಯೆಂದರೆ, ಎದುರಾಳಿಯಾಗಿದ್ದ ಯಂತ್ರ ಈಗ ಈ ಹೇಳಿಕೊಡುವವನ ಸ್ಥಾನಕ್ಕೆ ಬಂದಿರುವುದು. 2023ರಲ್ಲಿ ಎನ್‌ವಿಡಿಯಾ ಸಂಸ್ಥೆ ಆಟದೊಳಗಿನ ಪಾತ್ರಗಳು ಆಟಗಾರನೊಡನೆ ಸಂಭಾಷಿಸುವ ತಂತ್ರವನ್ನು ಪ್ರಕಟಿಸಿತು. 2025ರಲ್ಲಿ ಮೈಕ್ರೋಸಾಫ್ಟ್ ತನ್ನ ಆಟಗಳಿಗೆ ‘ಗೇಮಿಂಗ್ ಕೋಪೈಲಟ್’ ಎಂಬ ಸಹಾಯಕನನ್ನು ಪ್ರಾಯೋಗಿಕವಾಗಿ ಬಿಡುಗಡೆ ಮಾಡಿತು. ಆಟಗಾರ ಎಲ್ಲಿ ಸಿಕ್ಕಿಕೊಂಡಿದ್ದಾನೆಂದು ಅರಿತು ಸಲಹೆ ಕೊಡುವುದು ಅದರ ಕೆಲಸ. ಹೊಸ್ತಿಲಿನ ಮೇಲೆ ನಿಂತು ಒಳಗೂ ಹೊರಗೂ ಮಾತನಾಡುವ ಸಾರಥಿಯ ಕೆಲಸವೇ ಇದಾಗಿದೆ ಎಂಬುದು ಗಮನಾರ್ಹ.

3. ರೋಬೋಟು, ಬಿಟ್ಟಿ ಮತ್ತು ನಗಾರಿ

‘ರೋಬೋಟ್’ ಎಂಬ ಶಬ್ದ ಬಂದದ್ದು ಒಂದು ನಾಟಕದಿಂದ. ಚೆಕ್ ಲೇಖಕ ಕಾರೆಲ್ ಚಾಪೆಕ್‌ನ 1920ರ ನಾಟಕದಲ್ಲಿ ಅದು ಮೊದಲು ಬಳಕೆಯಾಯಿತು. ಮೂಲ ಶಬ್ದ ‘ರೋಬೋಟಾ’; ಒಡೆಯನಿಗೆ ಕೂಲಿಯಿಲ್ಲದೆ ಮಾಡಬೇಕಾದ ಕಡ್ಡಾಯ ದುಡಿಮೆ ಎಂದರ್ಥ. ಕನ್ನಡದಲ್ಲಿ ಇದಕ್ಕೆ ಬೇರೆ ಶಬ್ದ ಹುಡುಕಬೇಕಾಗಿಲ್ಲ, ಅದು ‘ಬಿಟ್ಟಿ’.

ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಗುಡಿಗಳನ್ನು ನೋಡಬೇಕು. ಕರ್ನಾಟಕದ ಅನೇಕ ದೇವಾಲಯಗಳಲ್ಲಿ ಮಂಗಳಾರತಿಯ ಹೊತ್ತಿಗೆ ವಿದ್ಯುತ್ ಮೋಟಾರಿನಿಂದ ನಗಾರಿ, ಗಂಟೆ, ಜಾಗಟೆಗಳನ್ನು ಏಕಕಾಲಕ್ಕೆ ಬಾರಿಸುವ ಯಂತ್ರವಿದೆ. ಗುಂಡಿ ಒತ್ತಿದರೆ ಸಾಕು. ಹಳ್ಳಿಯವರು ಕಂಡ ಮೊದಲ ರೋಬೋಟು ಇದೇ ಎನ್ನಬೇಕು. 2023ರಲ್ಲಿ ಸುತ್ತೂರು ಮಠಕ್ಕೆ ಯಾಂತ್ರಿಕ ಆನೆಯೊಂದು ಕೊಡುಗೆಯಾಗಿ ಬಂದುದು ಇದೇ ದಾರಿಯ ಮುಂದಿನ ಹೆಜ್ಜೆ. ಯಂತ್ರದ ನಗಾರಿಗೆ ದಣಿವಿಲ್ಲ, ಹಬ್ಬದ ಖುಷಿಯಿಲ್ಲ, ಸಾವಿನ ಮನೆಯ ದುಃಖವಿಲ್ಲ. ಡೊಳ್ಳಿನವನು ಕುಣಿಯುವವನ ಕಾಲು ನೋಡಿ ಪೆಟ್ಟು ಬದಲಿಸುತ್ತಾನೆ. ಯಂತ್ರ ಯಾರ ಕಾಲನ್ನೂ ನೋಡುವುದಿಲ್ಲ.

ಆದರೆ ಇಲ್ಲಿ ಜಾನಪದ ವಿದ್ವಾಂಸರು ಎಚ್ಚರ ವಹಿಸಬೇಕಾಗಿದೆ. ಹಲಗೆ ಬಾರಿಸುವುದು ಕಲೆಯಾಗಿದ್ದಂತೆಯೇ ದಲಿತ ಸಮುದಾಯಗಳ ಮೇಲೆ ಹೇರಿದ ಬಿಟ್ಟಿ ಚಾಕರಿಯೂ ಆಗಿತ್ತು. ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿದ 1961ರ ಕಾಯಿದೆ, ಜೀತಪದ್ಧತಿಯನ್ನು ನಿಷೇಧಿಸಿದ 1976ರ ಕಾಯಿದೆ ಇವೆರಡರ ನಂತರವೂ ಒಲ್ಲೆನೆಂದವನು ಊರಿನ ಸಿಟ್ಟಿಗೆ ಗುರಿಯಾಗುವ ಸ್ಥಿತಿ ಪೂರ್ತಿ ಹೋಗಿರಲಿಲ್ಲ. ಮಗ ಹಲಗೆ ಹಿಡಿಯದೆ ಶಾಲೆಗೆ ಹೋಗಲೆಂದು ಬಯಸಿದ ತಂದೆಗೆ ಯಂತ್ರದ ಸದ್ದು ಬಿಡುಗಡೆಯ ಸದ್ದಾಗಿಯೂ ಕೇಳಿಸಿರಬಹುದು. ಆದುದರಿಂದ “ಯಂತ್ರ ಬಂತು, ಕಲೆ ಹೋಯಿತು” ಎಂಬ ಹಳಹಳಿ ಅರ್ಧಸತ್ಯ. ಬಿಟ್ಟಿ ಹೋಗಬೇಕು, ಲಯ ಉಳಿಯಬೇಕು. ಇವೆರಡೂ ಒಟ್ಟಿಗೆ ಸಾಧ್ಯವಾಗಬೇಕಾದರೆ ಬಾರಿಸುವವನಿಗೆ ಗೌರವವೂ ಸಂಭಾವನೆಯೂ ದೊರೆಯಬೇಕು. ಅದನ್ನು ಯಂತ್ರ ತಪ್ಪಿಸಿಲ್ಲ. ಕೊಡದೆ ಉಳಿದವರು ನಾವು.

ವಿಜಯಪುರದ ಗೋಲಗುಮ್ಮಟದ ಮುಂದಿನ ನಗಾರಖಾನೆ 1892ರಿಂದ ವಸ್ತುಸಂಗ್ರಹಾಲಯವಾಗಿದೆ. ನಗಾರಿಯ ಜಾಗದಲ್ಲಿ ಮೌನ ನೆಲೆಸಿ ಶತಮಾನ ದಾಟಿದೆ. ಬಾರಿಸಿದವರ ಕೈಯ ಗತ್ತು ಕಲ್ಲಿನಲ್ಲಿ ಉಳಿಯಲಿಲ್ಲ ಎಂಬುದನ್ನು ಈ ಕಟ್ಟಡ ನೆನಪಿಸುತ್ತದೆ.

4. ಯಾರ ಮಾತು, ಯಾವ ಊರಿನ ಮಾತು

ಮಹಮ್ಮದ್ ಆದಿಲಶಾಹನ (ಆಳ್ವಿಕೆ 1627–1656) ಸಮಾಧಿಯಾದ ಗೋಲಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ಕೂಗಿದರೆ ಕೂಗಿದ ಮಾತೇ ಹಲವು ಬಾರಿ ಮರಳುತ್ತದೆ. ಕನ್ನಡದಲ್ಲಿ ಕೂಗಿದರೆ ಕನ್ನಡವೇ ಮರಳುತ್ತದೆ. ಯಂತ್ರಸಹಾಯಕನ ರೀತಿ ಬೇರೆ. ಅದು ಮರಳಿಸುವುದು ನಾವು ಆಡಿದ ಮಾತನ್ನಲ್ಲ, ಯಾರೋ ಎಂದೋ ಬರೆದಿಟ್ಟ ಅಪಾರ ಮಾತಿನ ರಾಶಿಯಿಂದ ಕಲಿತು ಕಟ್ಟಿದ್ದನ್ನು. ಆ ರಾಶಿಯಲ್ಲಿ ಇಂಗ್ಲಿಷಿನ ಪಾಲು ಬಹಳ ದೊಡ್ಡದು, ಕನ್ನಡದ ಪಾಲು ತೀರ ಚಿಕ್ಕದು; ಅದರಲ್ಲಿಯೂ ತಿಕೋಟಾ–ಬಬಲೇಶ್ವರಗಳ ಆಡುಮಾತು ಎಷ್ಟಿದ್ದೀತು? ಇಸ್ರೋ ಸಂಸ್ಥೆ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿಸಿದ ‘ವ್ಯೋಮಮಿತ್ರ’ ಎಂಬ ಯಂತ್ರಮಾನವಿ ಹಿಂದಿ, ಇಂಗ್ಲಿಷುಗಳಲ್ಲಿ ಮಾತನಾಡುವಂತೆ ರೂಪುಗೊಂಡಿತ್ತು. ಕನ್ನಡದ ನೆಲದಲ್ಲಿ ನಿಂತ ಯಂತ್ರಕ್ಕೆ ಕನ್ನಡ ಬೇಕೆನಿಸಲಿಲ್ಲ. ಮುತ್ಯಾನ ಪ್ರಶ್ನೆಯ ತಿರುಳು ಇದು.

ಇದಕ್ಕೆ ಉತ್ತರ ಈ ಜಿಲ್ಲೆಯ ಚರಿತ್ರೆಯಲ್ಲಿಯೇ ಇದೆ. ಫ. ಗು. ಹಳಕಟ್ಟಿಯವರು (1880–1964) ಮನೆಮನೆ ತಿರುಗಿ ತಾಡೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಮುದ್ರಣಯಂತ್ರ ಬಂದಾಗ ಅವರು ಹೆದರಲಿಲ್ಲ, ಕಾಯುತ್ತಲೂ ಕೂರಲಿಲ್ಲ. ಆ ಯಂತ್ರದ ಬಾಯಿಗೆ ತಮ್ಮ ಜನದ ಮಾತನ್ನು ಕೊಟ್ಟರು. ಇಂದು ಭಾರತೀಯ ವಿಜ್ಞಾನ ಸಂಸ್ಥೆಯ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಗಳ ಮಾತನ್ನು ಧ್ವನಿಮುದ್ರಿಸುತ್ತಿರುವುದು ಅದೇ ದಾರಿಯ ಕೆಲಸ. ಆದರೆ ಮಾತಿನ ತುಣುಕುಗಳಷ್ಟೇ ಸಾಲವು. ಸಾರಥಿಯ ಚಾಟೂಕ್ತಿ, ಗೀಗಿಯ ಹಿಮ್ಮೇಳ, ಆಡು–ಹುಲಿ ಆಟದ ಕಟ್ಟಳೆಗಳು ಮತ್ತು ಜಗಳಗಳು, ಇವೆಲ್ಲ ಹೇಳಿದವರ ಒಪ್ಪಿಗೆಯೊಡನೆ, ಅವರ ಹೆಸರಿನೊಡನೆ ದಾಖಲಾಗಬೇಕು. ಒಪ್ಪಿಗೆಯಿಲ್ಲದೆ, ಪ್ರತಿಫಲವಿಲ್ಲದೆ ತೆಗೆದುಕೊಂಡ ಮಾತು ಇನ್ನೊಂದು ಬಗೆಯ ಬಿಟ್ಟಿಯಾದೀತು.

ಉಪಸಂಹಾರ

ಒಟ್ಟಾರೆ ಹೇಳುವುದಾದರೆ, ಆಟಕ್ಕೆ ನೆರವಿಗ ಬೇಕೆಂಬುದು ಹಳೆಯ ಮಾತು. ನೆರವಿಗ ಯಂತ್ರವಾದದ್ದು ಮಾತ್ರ ಹೊಸದು. ಸಾರಥಿ ಪಾತ್ರಕ್ಕೆ ಕೇಳುವ ಮೊದಲ ಪ್ರಶ್ನೆ ಅವನು ಯಾರು, ಯಾವ ಊರಿನವನು ಎಂಬುದು. ಯಂತ್ರಸಹಾಯಕನಿಗೂ ನಾವು ಅದನ್ನೇ ಕೇಳಬೇಕಾಗಿದೆ: ನೀನು ಯಾರ ಮಾತಿನಿಂದ ಕಲಿತೆ, ಯಾರ ಲಾಭಕ್ಕಾಗಿ ನಿಂತಿರುವೆ? ತಿಕೋಟಾದ ಆ ಹುಡುಗ ತನ್ನ ಯಂತ್ರದೊಡನೆ ಆಡುವುದನ್ನು ನಾವು ತಡೆಯಲಾರೆವು, ತಡೆಯಬೇಕಾಗಿಯೂ ಇಲ್ಲ. ಅವನ ಮುತ್ಯಾ ಆಡುವ ಮಾತು ಆ ಯಂತ್ರಕ್ಕೆ ತಿಳಿಯುವಂತಾಗಬೇಕು, ಮುತ್ಯಾನೊಡನೆ ಕಟ್ಟೆಯ ಮೇಲೆ ಆಡು–ಹುಲಿ ಹೂಡಲು ಆ ಹುಡುಗನಿಗೂ ಒಂದಿಷ್ಟು ಹೊತ್ತು ಸಿಗಬೇಕು. ಮೊದಲನೆಯದು ವಿದ್ವಾಂಸರ ಹೊಣೆ, ಎರಡನೆಯದು ಊರಿನದು.