ಉಡುಪಿಯ ಮಿಶನ್ ಆಸ್ಪತ್ರೆ

ಪಾಸ್‌ಪೋರ್ಟಿನಲ್ಲಿ ಹುಟ್ಟೂರು ಉಡುಪಿ ಎಂದು ಬರೆಸಿಕೊಂಡು ಕಡಲು ದಾಟಿದ ನಮ್ಮವರಲ್ಲಿ ಎಷ್ಟೋ ಮಂದಿ ಮೊದಲು ಕಣ್ಣು ಬಿಟ್ಟದ್ದು ಮಿಶನ್ ಆಸ್ಪತ್ರೆಯಲ್ಲಿ. ಅದರ ಪೂರ್ತಿ ಹೆಸರು ಲೊಂಬಾರ್ಡ್ ಸ್ಮಾರಕ ಆಸ್ಪತ್ರೆ. ಆ ಲೊಂಬಾರ್ಡ್ ಯಾರು ಎಂಬುದನ್ನು ಇಲ್ಲಿ ಪರದೇಶದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳೂ ತಿಳಿದಿರಬೇಕು.

ಡಾ. ಈವಾ ಲೊಂಬಾರ್ಡ್ ಸ್ವಿಟ್ಜರ್ಲೆಂಡಿನವರು. 1834ರಲ್ಲೇ ಮಂಗಳೂರಿಗೆ ಬಂದಿದ್ದ ಬಾಸೆಲ್ ಮಿಶನ್ನಿನ ಪರಂಪರೆಯವರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಹೊರಹಾಕಿ, ಹಂಚಿನ ಕಾರ್ಖಾನೆಗಳನ್ನೂ ಕೈವಶ ಮಾಡಿಕೊಂಡಿದ್ದರು. ಆ ಪೆಟ್ಟಿನ ಬೆನ್ನಿಗೇ, 1923ರ ಜೂನ್‌ನಲ್ಲಿ, ಈ ವೈದ್ಯೆ ಉಡುಪಿಯಲ್ಲಿ ಹೆಂಗಸರು ಮಕ್ಕಳಿಗಾಗಿ ಸಣ್ಣದೊಂದು ಚಿಕಿತ್ಸಾಲಯ ತೆರೆದರು.

ಜೂನ್ ಎಂದರೆ ನಮ್ಮಲ್ಲಿ ಮಳೆ ಹಿಡಿಯುವ ತಿಂಗಳು. ಆಗ ಮಂಗಳೂರಿಗೆ ಹೋಗಬೇಕಾದರೆ ಹೊಳೆಗಳನ್ನು ದೋಣಿಯಲ್ಲೇ ದಾಟಬೇಕಿತ್ತು. ಹೆರಿಗೆ ಮನೆಯ ಕತ್ತಲೆ ಕೋಣೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. ಅವಳ ಕೈಗುಣ ಸಾವಿರಾರು ಜೀವ ಉಳಿಸಿದೆ, ಅದನ್ನು ಹಗುರ ಮಾಡಬಾರದು. ಆದರೆ ಮಗು ಅಡ್ಡಬಿದ್ದರೆ, ರಕ್ತ ನಿಲ್ಲದಿದ್ದರೆ ಅವಳಿಗೂ ದಾರಿ ಕಾಣುತ್ತಿರಲಿಲ್ಲ. ಗಂಡಸು ಡಾಕ್ಟರನ ಮುಂದೆ ಬಾಣಂತಿಯನ್ನು ಮಲಗಿಸಲು ಮನೆಯವರು ಹಿಂಜರಿಯುತ್ತಿದ್ದ ಕಾಲವದು. ಹಾಗಾಗಿ ಬಂದ ಡಾಕ್ಟರ್ ಹೆಣ್ಣು ಎಂಬುದೇ ಅರ್ಧ ಮದ್ದು.

ಧರ್ಮಪ್ರಚಾರ ಮಿಶನ್ನಿನ ಉದ್ದೇಶಗಳಲ್ಲಿ ಒಂದಾಗಿತ್ತು, ಮುಚ್ಚಿಡುವಂಥದ್ದೇನಲ್ಲ. ಆದರೂ ಕೃಷ್ಣಮಠದ ಊರು ತನ್ನ ಬಸುರಿ ಹೆಣ್ಣುಮಕ್ಕಳನ್ನು ಆ ಬಾಗಿಲಿಗೆ ಕಳಿಸಿತು. ಈ ನಂಬಿಕೆ ನನಗೆ ದೊಡ್ಡದಾಗಿ ಕಾಣುತ್ತದೆ. ಮತದ ಗೋಡೆ ಊರಿನ ಇನ್ನೊಂದು ಆಸ್ಪತ್ರೆಗೂ ಅಡ್ಡ ಬರಲಿಲ್ಲ: ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟವರೋ, 1906ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದ ಹಾಜಿ ಅಬ್ದುಲ್ಲಾ ಸಾಹೇಬರು. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಪಕ್ಕದ ಮಣಿಪಾಲದ ಗುಡ್ಡದ ಮೇಲೆ ಮೆಡಿಕಲ್ ಕಾಲೇಜು ತೆರೆದರು. ಹೊರಗಿನವರಿಗೆ ಇಂದು ಮಣಿಪಾಲದ ಹೆಸರೇ ಮೊದಲು ನೆನಪಾಗುತ್ತದೆ. ಆದರೆ ಕಾಯಿಲೆ ಬಂದರೆ ಆಸ್ಪತ್ರೆಗೆ ಹೋಗಬೇಕು ಎಂಬ ರೂಢಿಯನ್ನು ಊರಿನ ಹೆಂಗಸರಲ್ಲಿ ಮಿಶನ್ ಆಸ್ಪತ್ರೆ ಅದಕ್ಕೂ 30 ವರ್ಷ ಮೊದಲೇ ಬೆಳೆಸತೊಡಗಿತ್ತು.

2023ಕ್ಕೆ ಆಸ್ಪತ್ರೆಗೆ ನೂರು ತುಂಬಿತು. ಡಾಕ್ಟರರ ಹೆಸರು ಆಸ್ಪತ್ರೆಯ ಹೆಸರಿನಲ್ಲೇ ಉಳಿಯಿತು. ರಾತ್ರಿಯಿಡೀ ಕಾದು ಕುಳಿತ ನರ್ಸಮ್ಮಂದಿರ ಹೆಸರುಗಳು ನಮ್ಮ ಅಜ್ಜಿ, ದೊಡ್ಡಮ್ಮಂದಿರ ಬಾಯಲ್ಲಿ ಇನ್ನೂ ಇದ್ದಾವು. ಮುಂದಿನ ಸಲ ಊರಿಗೆ ಹೋದಾಗ ಕೇಳಿ, ಬರೆದಿಟ್ಟುಕೊಳ್ಳಿ.