ಕಣಿಕೆ, ರವದಿಯಿಂದ ಇಥೆನಾಲ್: ಎರಡನೇ ತಲೆಮಾರಿನ ಜೈವಿಕ ಇಂಧನ

ಸೊಲ್ಲಾಪುರ ಜಿಲ್ಲೆ ಕಬ್ಬು ಮತ್ತು ಹಿಂಗಾರಿ ಜೋಳದ ಸೀಮೆ. ಸಕ್ಕರೆ ಕಾರ್ಖಾನೆಗಳು ಕಾಕಂಬಿ ಹಾಗೂ ಕಬ್ಬಿನ ರಸದಿಂದ ತಯಾರಿಸುವ ಇಥೆನಾಲ್ ಪೆಟ್ರೋಲಿಗೆ ಬೆರಕೆಯಾಗುತ್ತದೆ. ಇದು ಮೊದಲನೇ ತಲೆಮಾರಿನ ಜೈವಿಕ ಇಂಧನ. ರಾಶಿಯ ನಂತರ ಉಳಿಯುವ ಕಣಿಕೆ, ಕಬ್ಬಿನ ಸಿಪ್ಪೆ, ರವದಿ, ತೊಗರಿ ಮತ್ತು ಹತ್ತಿ ಕಟ್ಟಿಗೆಯಿಂದ ತಯಾರಿಸುವ ಇಥೆನಾಲ್‌ಗೆ ಎರಡನೇ ತಲೆಮಾರಿನ, ಅಂದರೆ 2ಜಿ ಇಥೆನಾಲ್ ಎನ್ನುತ್ತಾರೆ.

ಅಗತ್ಯವೇನು?

ಕಬ್ಬಿಗೆ ನೀರು ಹೆಚ್ಚು ಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ ಸಕ್ಕರೆ ಕೊರತೆಯ ಭಯದಿಂದ ಕೇಂದ್ರ ಸರಕಾರ ಡಿಸೆಂಬರ್‌ನಲ್ಲಿ ಕಬ್ಬಿನ ರಸದ ಇಥೆನಾಲ್‌ಗೆ ಕಡಿವಾಣ ಹಾಕಿತು. 2024ರಲ್ಲಿ ಅದನ್ನು ಸಡಿಲಿಸಲಾಯಿತು. 2025ರಲ್ಲಿ ದೇಶ ಪೆಟ್ರೋಲಿನಲ್ಲಿ ಶೇ 20 ಇಥೆನಾಲ್ ಬೆರಕೆಯ ಗುರಿ ಮುಟ್ಟಿತು. ಆಹಾರದ ಬೆಳೆಗೆ ಕೈಹಚ್ಚದೆ ಇಂಧನ ಪಡೆಯುವುದು 2ಜಿಯ ಉದ್ದೇಶ. ಇದಕ್ಕೆ ನೆರವಾಗಲು 2019ರಲ್ಲಿ ಪ್ರಧಾನಮಂತ್ರಿ ಜಿ-ವನ್ ಯೋಜನೆ ಜಾರಿಗೆ ಬಂದಿತು.

ತಯಾರಿಕೆ ಹೇಗೆ?

ಕಾಕಂಬಿಯಲ್ಲಿ ಸಕ್ಕರೆ ಸಿದ್ಧವಾಗಿರುತ್ತದೆ. ಯೀಸ್ಟ್ ಹಾಕಿದರೆ ಹುಳಿಯುತ್ತದೆ. ಕಣಿಕೆಯಲ್ಲಿ ಸಕ್ಕರೆಯು ಸೆಲ್ಯುಲೋಸ್ ಮತ್ತು ಹೆಮಿಸೆಲ್ಯುಲೋಸ್ ಎಂಬ ನಾರಿನ ರೂಪದಲ್ಲಿರುತ್ತದೆ. ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಅದನ್ನು ಬಿಗಿದಿರುತ್ತದೆ. ಆದ್ದರಿಂದ ಮೊದಲು ಕಣಿಕೆಯನ್ನು ಕತ್ತರಿಸಿ, ಆಮ್ಲ ಮತ್ತು ಬಿಸಿ ಹಬೆಯಿಂದ ಸಡಿಲಗೊಳಿಸಬೇಕು. ನಂತರ ಕಿಣ್ವಗಳು ನಾರನ್ನು ಸಕ್ಕರೆಯಾಗಿ ಒಡೆಯುತ್ತವೆ. ಆಮೇಲೆ ಹುಳಿಯಿಸಿ ಬಟ್ಟಿ ಇಳಿಸುತ್ತಾರೆ. ಉಳಿದ ಲಿಗ್ನಿನ್ ಬಾಯ್ಲರಿಗೆ ಉರುವಲಾಗುತ್ತದೆ.

ಸೊಲ್ಲಾಪುರ–ಪುಣೆ ರೈಲು ಮಾರ್ಗದ ದೌಂಡ್‌ನಲ್ಲಿ ಪುಣೆಯ ಪ್ರಾಜ್ ಇಂಡಸ್ಟ್ರೀಸ್ 2017ರಲ್ಲಿ ಪ್ರಾಯೋಗಿಕ ಘಟಕ ಆರಂಭಿಸಿತು. ಇದೇ ಕಂಪನಿಯ ತಂತ್ರಜ್ಞಾನದಿಂದ ಇಂಡಿಯನ್ ಆಯಿಲ್ ಹರಿಯಾಣದ ಪಾಣಿಪತ್‌ನಲ್ಲಿ ಕಟ್ಟಿದ ಘಟಕ 2022ರ ಆಗಸ್ಟ್‌ನಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್, ಅಂದರೆ ಟನ್ನಿಗೆ ಸುಮಾರು 150 ಲೀಟರ್ ತೆಗೆಯುವುದು ಅದರ ಗುರಿ.

ತೊಡಕುಗಳು

* ಕಿಣ್ವಗಳು ದುಬಾರಿ. ಹೆಮಿಸೆಲ್ಯುಲೋಸ್‌ನ ಸಕ್ಕರೆಯನ್ನು ಸಾಮಾನ್ಯ ಯೀಸ್ಟ್ ಹುಳಿಯಿಸಲಾರದು.
* ಕಣಿಕೆ ಹಗುರ, ಗಾತ್ರ ದೊಡ್ಡದು. ಲಾರಿ ತುಂಬಿದರೂ ತೂಕ ಬಾರದು. ದೂರ ಹೆಚ್ಚಿದಂತೆ ಸಾಗಾಟದ ಖರ್ಚು ಲಾಭವನ್ನು ನುಂಗುತ್ತದೆ.
* ಸುಗ್ಗಿ ಕೆಲವೇ ವಾರ, ಕಾರ್ಖಾನೆ ವರ್ಷವಿಡೀ ನಡೆಯಬೇಕು. ಬಣವೆಗೆ ಮಳೆ ಮತ್ತು ಬೆಂಕಿಯ ಭಯ.
* ಮಣ್ಣು, ಮರಳು ಸೇರಿದ ಮಾಲು ಯಂತ್ರಗಳನ್ನು ಸವೆಸುತ್ತದೆ.

ಇದು ಭಾರತದ ತೊಂದರೆ ಮಾತ್ರವಲ್ಲ. ಅಮೆರಿಕದ ಅಯೋವಾದಲ್ಲಿ ಮೆಕ್ಕೆಜೋಳದ ದಂಟಿನಿಂದ ಇಥೆನಾಲ್ ತಯಾರಿಸಲು ಡುಪಾಂಟ್ 2015ರಲ್ಲಿ ತೆರೆದ ದೊಡ್ಡ ಘಟಕವನ್ನು 2017ರಲ್ಲಿ ಮಾರಾಟಕ್ಕಿಟ್ಟಿತು. ರೊಮೇನಿಯಾದಲ್ಲಿ ಗೋಧಿ ಹುಲ್ಲಿನ ಘಟಕ ಕಟ್ಟಿದ್ದ ಕ್ಲಾರಿಯಂಟ್ ಕಂಪನಿ, ಅದನ್ನು ಮುಚ್ಚುವುದಾಗಿ 2023ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು.

ಗಡಿಭಾಗದ ಲೆಕ್ಕ

ಪಾಣಿಪತ್ ಸುತ್ತಲಿನ ಸೀಮೆಯಲ್ಲಿ ಭತ್ತದ ಹುಲ್ಲನ್ನು ಬಹಳಷ್ಟು ಹೊಲದಲ್ಲೇ ಸುಡುತ್ತಾರೆ. ಅಕ್ಕಲಕೋಟೆ ಸೀಮೆಯಲ್ಲಿ ಹಾಗಲ್ಲ. ಇಲ್ಲಿ ಮಾಲದಂಡಿ ಜೋಳವನ್ನು ಕಾಳಿಗಷ್ಟೇ ಅಲ್ಲ, ಕಣಿಕೆಗೂ ಬಿತ್ತುತ್ತಾರೆ. ಅದು ದನಗಳ ವರ್ಷದ ಮೇವು. 2012-13 ಮತ್ತು 2018-19ರ ಬರದಲ್ಲಿ ಜಿಲ್ಲೆಯಲ್ಲಿ ದನಗಳ ಛಾವಣಿ ತೆರೆಯಬೇಕಾಯಿತು. ಅಂಥ ವರ್ಷ ಕಾರ್ಖಾನೆಯೂ ಕಣಿಕೆ ಕೊಳ್ಳಲು ನಿಂತರೆ ಮೇವಿನ ದರ ಏರುತ್ತದೆ, ಹೈನಿನ ಮೇಲೆ ಬದುಕುವ ಸಣ್ಣ ರೈತನಿಗೆ ಪೆಟ್ಟು ಬೀಳುತ್ತದೆ. ಕಬ್ಬಿನ ಸಿಪ್ಪೆಯೂ ಪುಕ್ಕಟೆಯಲ್ಲ. ಕಾರ್ಖಾನೆಯ ಬಾಯ್ಲರಿಗೆ ಅದೇ ಉರುವಲು. ತೊಗರಿ ಕಟ್ಟಿಗೆ ಒಲೆಗೆ ಹೋಗುತ್ತದೆ.

ಉಳಿಯುವುದು ರವದಿ. ಹಲವರು ಅದಕ್ಕೆ ಬೆಂಕಿ ಹಚ್ಚುತ್ತಾರೆ. ಆದರೆ ಕೂಳೆ ಬೆಳೆಯ ಸಾಲುಗಳ ನಡುವೆ ಹೊದಿಸಿದರೆ ಅದು ತೇವ ಹಿಡಿದು ಗೊಬ್ಬರವಾಗುತ್ತದೆ. ಹೀಗಾಗಿ ಸುಡುವ ರವದಿಯನ್ನು ಮಾರುವುದು ಲಾಭ, ಹೊದಿಸುವ ರವದಿಯನ್ನು ಮಾರುವ ಮುನ್ನ ಲೆಕ್ಕ ಹಾಕಬೇಕು. ಕಟಾವು, ಕಟ್ಟು, ಸಾಗಾಟದ ಖರ್ಚು ಯಾರದು, ದರ ಎಷ್ಟು ವರ್ಷಕ್ಕೆ ಎಂಬುದು ಕರಾರಿನಲ್ಲಿ ಬರಹದಲ್ಲಿರಬೇಕು. ಕಣಿಕೆಯ ವಿಷಯದಲ್ಲಿ ಮಾತ್ರ ಮೊದಲ ಹಕ್ಕು ಗೋದಲಿಯದು.