ಬಂದೂಕು ಕೆಳಗಿಟ್ಟು ಕಾಲೇಜಿಗೆ

ಮೂರು ವರ್ಷ ಯುದ್ಧ ಮಾಡಿ ಬಂದ, ಹೆಂಡತಿ-ಮಗು ಇರುವ ಗಂಡಸನ್ನು ಹದಿನೆಂಟರ ಹುಡುಗರ ಪಕ್ಕ ಬೆಂಚಿನಲ್ಲಿ ಕೂರಿಸಿದರೆ ಏನಾಗುತ್ತೆ? ಎರಡನೇ ಮಹಾಯುದ್ಧ ಮುಗಿಯುವ ಮೊದಲೇ ಅಮೆರಿಕಾ ಈ ಪ್ರಶ್ನೆ ಕೇಳಿಕೊಂಡಿತ್ತು. ಸೈನಿಕರ ಮೇಲಿನ ಪ್ರೀತಿಯಿಂದ ಅನ್ನೋದಕ್ಕಿಂತ ಭಯದಿಂದ ಅಂತಲೇ ನನ್ನ ಲೆಕ್ಕ.

ಭಯಕ್ಕೆ ಕಾರಣ ಇತ್ತು. ಮೊದಲ ಮಹಾಯುದ್ಧ ಮುಗಿಸಿ ಬಂದವರ ಕೈಗೆ 60 ಡಾಲರ್ ಮತ್ತು ಊರಿಗೆ ಒಂದು ರೈಲು ಟಿಕೆಟ್ ಕೊಟ್ಟು ಕಳಿಸಿದ್ದರು. ಆಮೇಲೆ ಬೋನಸ್ ಕೊಡ್ತೀವಿ ಅಂದರು, ಆದರೆ 1945ಕ್ಕೆ! ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರು ಅಲ್ಲಿಯವರೆಗೆ ಕಾಯುವುದು ಹೇಗೆ? 1932ರಲ್ಲಿ ಸಾವಿರಾರು ಮಾಜಿ ಸೈನಿಕರು ವಾಷಿಂಗ್ಟನ್‌ಗೆ ಬಂದು ಗುಡಿಸಲು ಹಾಕಿಕೊಂಡು ಕೂತರು. ಜನರಲ್ ಮೆಕಾರ್ಥರ್ ಟ್ಯಾಂಕು, ಅಶ್ರುವಾಯು ತಂದು ಅವರನ್ನು ಓಡಿಸಿದರು. ಈ ಸಲ ಸೇನೆ ಸೇರಿದ್ದವರು 1.6 ಕೋಟಿ. ಅಷ್ಟೂ ಜನ ಕೆಲಸವಿಲ್ಲದೆ ಬೀದಿಗೆ ಬಂದರೆ?

ಮಾಜಿ ಸೈನಿಕರ ಸಂಘಟನೆ ಅಮೆರಿಕನ್ ಲೀಜನ್‌ನ ಹ್ಯಾರಿ ಕೋಮರಿ ಅನ್ನುವ ವಕೀಲರು ವಾಷಿಂಗ್ಟನ್ನಿನ ಮೇಫ್ಲವರ್ ಹೋಟೆಲಿನಲ್ಲಿ ಕೂತು, ಹೋಟೆಲಿನ ಕಾಗದದ ಮೇಲೇ ಮಸೂದೆ ಬರೆದರು. 1944ರ ಜೂನ್ 22ರಂದು ರೂಸ್ವೆಲ್ಟ್ ಸಹಿ ಹಾಕಿದರು. ಅದೇ ಜಿಐ ಬಿಲ್. ವರ್ಷಕ್ಕೆ 500 ಡಾಲರ್‌ವರೆಗೆ ಫೀಸು (ಹಾರ್ವರ್ಡಿನ ಫೀಸೇ ಆಗ 400), ಜೊತೆಗೆ ಖರ್ಚಿಗೆ ಒಂಟಿಯಾಗಿದ್ದರೆ ತಿಂಗಳಿಗೆ 50, ಸಂಸಾರವಿದ್ದರೆ 75.

ನನಗೆ ದೊಡ್ಡದಾಗಿ ಕಾಣೋದು ಆ 75. ಫೀಸು ಸರ್ಕಾರ ಕಟ್ಟಿತು ಸರಿ, ಬಾಡಿಗೆ ಯಾರು ಕಟ್ಟೋದು, ಹಾಲಿನ ದುಡ್ಡು ಯಾರು ಕೊಡೋದು? ಕೆಲಸ ಬಿಟ್ಟು ಎಂಬಿಎ ಮಾಡೋಣ ಅಂತ ಹೊರಟು, ಇಎಂಐ ನೆನೆದು ಸುಮ್ಮನಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದೊಡ್ಡವರಿಗೆ ಇದು ಹಿಡಿಸಲಿಲ್ಲ. ಕಾಲೇಜುಗಳು ಅಲೆಮಾರಿಗಳ ಬಿಡಾರ ಆಗಿಬಿಡುತ್ತವೆ ಎಂಬರ್ಥದಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ರಾಬರ್ಟ್ ಹಚಿನ್ಸ್ ಪತ್ರಿಕೆಯಲ್ಲೇ ಬರೆದರು. ಆದದ್ದು ಬೇರೆ. 1947ರ ಹೊತ್ತಿಗೆ ಕಾಲೇಜು ವಿದ್ಯಾರ್ಥಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾಜಿ ಸೈನಿಕರೇ! ಹಾಸ್ಟೆಲ್ ಸಾಲದೆ ಸೇನೆಯ ತಗಡಿನ ಶೆಡ್ಡು, ಟ್ರೇಲರುಗಳನ್ನು ತಂದು ನಿಲ್ಲಿಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯವಂತೂ ಮದ್ದಿನ ಕಾರ್ಖಾನೆಯ ಕಾರ್ಮಿಕರಿಗೆ ಕಟ್ಟಿದ್ದ ಮನೆಗಳಲ್ಲಿ ಸಂಸಾರಗಳನ್ನು ಇರಿಸಿತು. ಅಲ್ಲಿಂದ ದಿನಾ ಬಸ್ಸು ಹಿಡಿದು ಕ್ಲಾಸಿಗೆ. ಫ್ರೆಶರ್‌ಗಳು ಹಾಕಿಕೊಳ್ಳಬೇಕಿದ್ದ ಪುಟ್ಟ ಟೋಪಿಯನ್ನು ಇವರಲ್ಲಿ ಅನೇಕರು ಮುಟ್ಟಲೂ ಇಲ್ಲ. ಯುದ್ಧ ನೋಡಿ ಬಂದವನಿಗೆ ಸೀನಿಯರ್ ಯಾವ ಲೆಕ್ಕ! ಅಂಕಗಳಲ್ಲೂ ಇವರದೇ ಮೇಲುಗೈ. ಒಟ್ಟು 22 ಲಕ್ಷ ಜನ ಹೀಗೆ ಕಾಲೇಜು ಮೆಟ್ಟಿಲು ಹತ್ತಿದರು.

ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಸ್ತಾರೆ. ಆದರೆ ಕಾನೂನು ಕೊಟ್ಟದ್ದು ದುಡ್ಡು, ಸೀಟಲ್ಲ. ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ವಿಶ್ವವಿದ್ಯಾಲಯಗಳು ಕಪ್ಪು ಸೈನಿಕರಿಗೆ ಬಾಗಿಲು ತೆಗೆಯಲೇ ಇಲ್ಲ. ಕಪ್ಪು ಜನರಿಗೆಂದೇ ಇದ್ದ ಸಣ್ಣ ಕಾಲೇಜುಗಳಲ್ಲಿ ಜಾಗ ಸಾಲದೆ ಎಷ್ಟೋ ಮಂದಿ ವಾಪಸ್ ಹೋದರು.

ಜೇಮ್ಸ್ ಮೆರೆಡಿತ್ ಮುಂದಿನ ತಲೆಮಾರಿನವರು. ವಾಯುಪಡೆಯಲ್ಲಿ ಒಂಬತ್ತು ವರ್ಷ ದುಡಿದು, 1961ರಲ್ಲಿ ತಮ್ಮದೇ ರಾಜ್ಯದ ಮಿಸಿಸಿಪ್ಪಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದರು. ಆಗಲ್ಲ ಅಂದರು. ಕೋರ್ಟಿನಲ್ಲಿ ಗೆದ್ದು ಬಂದರೆ ರಾಜ್ಯಪಾಲರೇ ಅಡ್ಡ ನಿಂತರು. 1962ರ ಸೆಪ್ಟೆಂಬರ್ 30ರ ರಾತ್ರಿ ಕ್ಯಾಂಪಸ್ಸಿನಲ್ಲಿ ದೊಂಬಿ ಎದ್ದು ಇಬ್ಬರು ಸತ್ತರು. ಒಬ್ಬ ಮಾಜಿ ಸೈನಿಕನನ್ನು ಕಾಲೇಜಿಗೆ ಸೇರಿಸಲು ಕೆನಡಿ ಸಾವಿರಾರು ಸೈನಿಕರನ್ನು ಕಳಿಸಬೇಕಾಯಿತು. ಮರುದಿನ ಬೆಳಿಗ್ಗೆ ಮಾರ್ಷಲ್‌ಗಳ ಕಾವಲಿನಲ್ಲಿ ಮೆರೆಡಿತ್ ಹೆಸರು ನೋಂದಾಯಿಸಿ ಮೊದಲ ಕ್ಲಾಸಿಗೆ ಹೋದರು. ವಿಷಯ: ವಸಾಹತು ಕಾಲದ ಅಮೆರಿಕಾದ ಇತಿಹಾಸ.